ಬಾಣದ ಗುರುತು ದಾರಿಯಲ್ಲ

ಪಶ್ಚಿಮ ಆಸ್ಟ್ರೇಲಿಯಾದ ಲ್ಯಾವರ್ಟನ್ ಶೈರ್ ಎಂಬ ಒಂದೇ ಒಂದು ಸ್ಥಳೀಯ ಆಡಳಿತದ ವ್ಯಾಪ್ತಿ ಸುಮಾರು 1,80,000 ಚದರ ಕಿ.ಮೀ. ನಮ್ಮ ಇಡೀ ರಾಜ್ಯದ ವಿಸ್ತೀರ್ಣ 1,91,791 ಚದರ ಕಿ.ಮೀ. ಹೆಚ್ಚುಕಡಿಮೆ ಕರ್ನಾಟಕದಷ್ಟೇ ಅಗಲವಾದ ಆ ನೆಲದಲ್ಲಿ ವಾಸಿಸುವವರು ಒಂದೂವರೆ ಸಾವಿರ ಜನವೂ ಇಲ್ಲ. ಕಣ್ಣಿಗೆ ಗುರುತಾಗುವ ಬೆಟ್ಟ ಅಪರೂಪ, ಸದಾ ಹರಿಯುವ ಹೊಳೆ ಇಲ್ಲವೇ ಇಲ್ಲ. ಕೆಂಪು ನೆಲ, ಮಲ್ಗಾ ಎಂಬ ಜಾಲಿ ಕುಲದ ಕುರುಚಲು ಮರ, ನಡುನಡುವೆ ಸ್ಪಿನಿಫೆಕ್ಸ್ ಹುಲ್ಲಿನ ಮುಳ್ಳುಮುಳ್ಳಾದ ಗುಪ್ಪೆ. ನೂರು ಹೆಜ್ಜೆ ಹಿಂದೆ ಕಂಡದ್ದೇ ನೂರು ಹೆಜ್ಜೆ ಮುಂದೆಯೂ ಕಾಣುತ್ತದೆ. ಇಂಥ ಕಾಡಿಗೆ ಮೆಟಲ್ ಡಿಟೆಕ್ಟರ್ ಹಿಡಿದು ಚಿನ್ನದ ಗಟ್ಟಿ ಹುಡುಕುವ ಹವ್ಯಾಸಿಗಳು, ಬೇಟೆಗಾರರು, ಭೂವಿಜ್ಞಾನಿಗಳು, ಸಸ್ಯಗಳ ಪಟ್ಟಿ ಮಾಡುವವರು ಹೋಗುತ್ತಾರೆ. ಎಲ್ಲರೂ ವಾಹನ ನಿಲ್ಲಿಸಿ, ಇಳಿದು, ನಡೆದು ದೂರ ಸಾಗುತ್ತಾರೆ. ವಾಪಸು ಬರುವುದು ಹೇಗೆ ಎಂದು ಕೇಳಿದರೆ ಇಂದು ಎಲ್ಲೆಡೆ ಸಿಗುವ ಉತ್ತರ ಒಂದೇ: ಜಿಪಿಎಸ್ ಇದೆಯಲ್ಲ.

ಈ ಉತ್ತರವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 2000ದ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ನಾಗರಿಕ ಬಳಕೆಯ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಿದ ಮೇಲೆ, ತೆರೆದ ಆಕಾಶದ ಕೆಳಗೆ ಸಾಧಾರಣ ಫೋನು ಕೂಡ ಐದಾರು ಮೀಟರ್ ವ್ಯತ್ಯಾಸದಲ್ಲಿ ನಾವಿರುವ ಜಾಗ ಹೇಳುತ್ತದೆ. ಮಲ್ಗಾ ಕಾಡಿನಲ್ಲಿ ಮೇಲೆ ಆಕಾಶ ತೆರೆದೇ ಇರುತ್ತದೆ. ಇಳಿಯುವಾಗ ವಾಹನದ ಜಾಗವನ್ನು ಗುರುತು ಹಾಕಿಕೊಂಡು, ಮರಳುವಾಗ ಪರದೆಯ ಬಾಣ ತೋರಿದ ಕಡೆ ನಡೆದರೆ ಹತ್ತರಲ್ಲಿ ಒಂಬತ್ತು ಸಲ ಅಲ್ಲ, ನೂರರಲ್ಲಿ ತೊಂಬತ್ತೊಂಬತ್ತು ಸಲ ವಾಹನ ಸಿಕ್ಕೇ ಸಿಗುತ್ತದೆ. ಹೀಗಿದ್ದೂ ಈ ಉತ್ತರ ತಪ್ಪು ಎಂಬುದೇ ಇಲ್ಲಿನ ವಾದ. ಸಾಧನ ಕೆಟ್ಟದ್ದೆಂದಲ್ಲ, ಅದು ಪ್ರಶ್ನೆಯನ್ನೇ ತಪ್ಪಾಗಿ ಕಲಿಸುತ್ತದೆ ಎಂದು. ವಾಪಸಾಗುವುದೆಂದರೆ ಲಕ್ಷಾಂತರ ಚದರ ಕಿ.ಮೀ. ಬಯಲಿನಲ್ಲಿ ಒಂದು ಬಿಂದುವನ್ನು ಪತ್ತೆಹಚ್ಚುವುದು ಎಂದು ಬಾಣದ ಗುರುತು ನಮ್ಮನ್ನು ನಂಬಿಸುತ್ತದೆ. ಗುರುತಿಲ್ಲದ ನೆಲದಲ್ಲಿ ಬಿಂದುವನ್ನು ಹುಡುಕುವವನು ಯಾವುದೋ ಒಂದು ದಿನ ಸೋಲುತ್ತಾನೆ. ಹುಡುಕಬೇಕಾದದ್ದು ರೇಖೆಯನ್ನು. ಆ ರೇಖೆಯನ್ನು ಗೊತ್ತುಮಾಡಿಕೊಳ್ಳುವ ಕೆಲಸ ವಾಹನದ ಬಾಗಿಲು ಹಾಕುವ ಮುನ್ನವೇ ಮುಗಿದಿರಬೇಕು.

ಜಿಪಿಎಸ್‌ಗೂ ಹಳೆಯದಾದ ಇನ್ನೊಂದು ನಂಬಿಕೆಯನ್ನು ಮೊದಲು ವಿಲೇವಾರಿ ಮಾಡೋಣ: ಯಂತ್ರ ಕೈಕೊಟ್ಟರೆ ಏನಾಯಿತು, ಬಂದ ದಿಕ್ಕು ಅಂದಾಜಿದೆ, ನೇರ ನಡೆದರಾಯಿತು ಎಂಬುದು. ನೇರ ನಡೆಯುವುದು ಮನುಷ್ಯನಿಂದ ಆಗದ ಕೆಲಸ. ಜರ್ಮನಿಯ ಟ್ಯೂಬಿಂಗನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಯಾನ್ ಸೌಮನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅಳೆದೇ ತೋರಿಸಿತು. ಬೀನ್‌ವಾಲ್ಡ್ ಎಂಬ ಸಮತಟ್ಟು ಕಾಡಿನಲ್ಲಿ ಆರು ಮಂದಿಯನ್ನು ಗಂಟೆಗಟ್ಟಲೆ ನಡೆಸಲಾಯಿತು. ಸೂರ್ಯ ಕಾಣುತ್ತಿದ್ದ ದಿನ ನಡೆದ ಇಬ್ಬರು ಬಹುಮಟ್ಟಿಗೆ ನೇರ ಹೋದರು. ಮೋಡ ಕವಿದ ದಿನ ನಡೆದ ನಾಲ್ವರೂ ಸುತ್ತು ಹೊಡೆದರು. ಅವರಲ್ಲಿ ಮೂವರು ತಾವೇ ನಡೆದ ಜಾಡನ್ನು ಮತ್ತೆಮತ್ತೆ ದಾಟಿದರೂ ಅದು ಅವರ ಅರಿವಿಗೇ ಬರಲಿಲ್ಲ. ಟ್ಯುನಿಷಿಯಾದ ಸಹಾರಾದಲ್ಲಿ ರಾತ್ರಿ ನಡೆದವನೊಬ್ಬ ಚಂದ್ರ ಕಾಣುವವರೆಗೂ ಸರಿಯಾಗಿಯೇ ನಡೆದು, ಚಂದ್ರ ಮೋಡದ ಹಿಂದೆ ಸರಿದ ಮೇಲೆ ತಿರುತಿರುಗಿ ಬಂದ ದಿಕ್ಕಿಗೇ ಹೊರಳಿದ. ಕಣ್ಣು ಕಟ್ಟಿ ನಡೆಸಿದಾಗ ಕೆಲವರ ಸುತ್ತಿನ ವ್ಯಾಸ 20 ಮೀಟರ್ ಕೂಡ ಇರಲಿಲ್ಲ. ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡ, ಅದಕ್ಕೇ ಒಂದೇ ಕಡೆ ವಾಲುತ್ತೇವೆ ಎಂಬ ಹಳೆಯ ವಿವರಣೆಯೂ ಅಲ್ಲಿ ನಿಲ್ಲಲಿಲ್ಲ. ಒಬ್ಬನೇ ಮನುಷ್ಯ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗುತ್ತಿದ್ದ. ಹೊರಗಿನ ಗುರುತು ಇಲ್ಲದಾಗ ನೇರ ಎಂಬುದರ ಬಗ್ಗೆ ನಮ್ಮೊಳಗಿನ ಅಂದಾಜೇ ಸ್ವಲ್ಪಸ್ವಲ್ಪವಾಗಿ ಜಾರುತ್ತಾ ಹೋಗುತ್ತದೆ. ಜಾರುತ್ತಿದೆ ಎಂಬ ಸೂಚನೆ ಮಾತ್ರ ಎಲ್ಲಿಂದಲೂ ಬರುವುದಿಲ್ಲ.

ಇದಕ್ಕೆ ಸಿದ್ಧವಾಗಿರುವ ಆಕ್ಷೇಪ: ಅವರೆಲ್ಲ ಪ್ರಯೋಗಕ್ಕೆ ಬಂದ ನಗರದ ಜನ, ಪಳಗಿದವರಿಗೆ ಹಾಗಾಗುವುದಿಲ್ಲ, ಆಸ್ಟ್ರೇಲಿಯಾದ ಮೂಲನಿವಾಸಿಗಳಿಗೆ ದಿಕ್ಕು ಹುಟ್ಟಿನಿಂದಲೇ ಬಂದಿಲ್ಲವೇ? ಗೌರವದಂತೆ ಕಾಣುವ ಈ ಮಾತು ಆ ಜನರ ಶ್ರಮವನ್ನು ಮರೆಮಾಚುತ್ತದೆ. ಕ್ವೀನ್ಸ್‌ಲ್ಯಾಂಡ್‌ನ ಗೂಗು ಯಿಮಿದಿರ್ ಜನ ಎಡ–ಬಲ ಎನ್ನುವ ಕಡೆಯೂ ದಿಕ್ಕುಗಳನ್ನೇ ಹೇಳುತ್ತಾರೆಂದು ಜಾನ್ ಹ್ಯಾವಿಲೆಂಡ್, ಸ್ಟೀಫನ್ ಲೆವಿನ್‌ಸನ್ ಮುಂತಾದವರು ವಿವರವಾಗಿ ದಾಖಲಿಸಿದ್ದಾರೆ. ಮನೆಯೊಳಗಿನ ಮಾತಿಗೂ ದಿಕ್ಕು ಬೇಕಾದಾಗ, ಎಳವೆಯಿಂದಲೇ ಪ್ರತಿ ಗಳಿಗೆಯೂ ದಿಕ್ಕಿನ ಲೆಕ್ಕ ಇಟ್ಟುಕೊಂಡೇ ಬದುಕಬೇಕಾಗುತ್ತದೆ. 1864ರಲ್ಲಿ ವಿಕ್ಟೋರಿಯಾದ ಹಾರ್ಶಮ್ ಬಳಿಯ ಕುರುಚಲು ಕಾಡಿನಲ್ಲಿ ಕಳೆದುಹೋದ ಡಫ್ ಮನೆತನದ ಮೂವರು ಮಕ್ಕಳನ್ನು ಒಂಬತ್ತನೆಯ ದಿನ ಪತ್ತೆಹಚ್ಚಿದವರು ಮೂಲನಿವಾಸಿ ಜಾಡುಗಾರರು. ಅವರಿಗೆ ನೆರವಾದದ್ದು ನೆಲದ ಮೇಲಿನ ಸಣ್ಣಪುಟ್ಟ ಗುರುತುಗಳನ್ನು ಬಿಡದೆ ಓದುವ ಅಭ್ಯಾಸ. ಬೇರೆಯವರಿಗೆ ವರದಂತೆ ಕಾಣುವುದು ಬಿಡುವಿಲ್ಲದ ಎಚ್ಚರ. ಆ ಎಚ್ಚರವಿಲ್ಲದೆ ಬರೀ ವರ್ಷಗಳ ಅನುಭವ ಮನುಷ್ಯನನ್ನು ಕಾಯುವುದಿಲ್ಲ. 2015ರ ಅಕ್ಟೋಬರ್‌ನಲ್ಲಿ ಲ್ಯಾವರ್ಟನ್‌ನ ಪೂರ್ವಕ್ಕೆ ಒಂಟೆ ಬೇಟೆಗೆ ಹೋಗಿ, ಪ್ರಾಣಿಯೊಂದರ ಬೆನ್ನುಹತ್ತಿ ದಾರಿ ತಪ್ಪಿದವರು 62 ವರ್ಷದ ಪಳಗಿದ ಬೇಟೆಗಾರ. ನೀರಿಲ್ಲದೆ ಆರು ದಿನ, ಕೊನೆಗೆ ಕಪ್ಪಿರುವೆ ತಿಂದು ಬದುಕಿದರು. ಅವರ ಹೆಜ್ಜೆ ಹಿಡಿದು ಬಂದ ಪೊಲೀಸರಿಗೆ ಮರವೊಂದರ ಕೆಳಗೆ ಸಿಕ್ಕಿದರು.

ಅಲ್ಲಿಗೆ ಜಿಪಿಎಸ್ ಪಕ್ಷದವರು, ಅದಕ್ಕೇ ಹೇಳಿದ್ದು, ಅವರ ಕೈಯಲ್ಲಿ ಯಂತ್ರ ಇದ್ದಿದ್ದರೆ ಎನ್ನುತ್ತಾರೆ. ಇದ್ದಿದ್ದರೆ ಬಹುಶಃ ಮರಳುತ್ತಿದ್ದರು. ಆದರೆ ಯಂತ್ರ ಯಾವ ಬಗೆಯಲ್ಲಿ ಸೋಲುತ್ತದೆ ಎಂಬುದನ್ನು ನೋಡಬೇಕು. ಅದರ ಸೋಲು ಕ್ರಮೇಣ ಬರುವುದಿಲ್ಲ; ಇದ್ದರೆ ಪೂರ್ತಿ, ಇಲ್ಲದಿದ್ದರೆ ಸೊನ್ನೆ. ಐಫೋನ್ ತಯಾರಕರೇ ಸೂಚಿಸುವ ಬಳಕೆಯ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ. ಆ ಬೇಟೆಗಾರ ಕಳೆದುಹೋದ ಸೀಮೆಯಲ್ಲಿ ಬೇಸಿಗೆಯ ಹಗಲು 40 ದಾಟುವುದು ಮಾಮೂಲು. ಎದೆಯ ಜೇಬಿನಿಂದ ಜಾರಿ ಸ್ಪಿನಿಫೆಕ್ಸ್ ಗುಪ್ಪೆಯೊಳಗೆ ಬಿದ್ದ ಫೋನಿಗೆ ತಾನೆಲ್ಲಿದ್ದೇನೆಂದು ಗೊತ್ತು, ಒಡೆಯನಿಗೆ ಗೊತ್ತಿಲ್ಲ. ಯಂತ್ರ ಸರಿಯಿದ್ದೂ ಮನುಷ್ಯ ತಪ್ಪುವ ಬಗೆಗಳು ಇನ್ನೂ ಹೆಚ್ಚು. ಗುರುತು ಹಾಕಲು ಮರೆಯುವುದು, ಹಿಂದಿನ ದಿನದ ಗುರುತನ್ನೇ ಆರಿಸುವುದು ಇದ್ದದ್ದೇ. ಜತೆಗಾರ ರೇಡಿಯೋದಲ್ಲಿ 28 ಡಿಗ್ರಿ 30 ನಿಮಿಷ ಎಂದು ಹೇಳಿದ್ದನ್ನು 28.30 ಡಿಗ್ರಿ ಎಂದು ಒತ್ತಿಬಿಟ್ಟರೆ ಸಾಕು, ನಿಜವಾದ 28.50ರಿಂದ ಸುಮಾರು 22 ಕಿ.ಮೀ. ದೂರದ ಜಾಗಕ್ಕೆ ಬಾಣ ಅಷ್ಟೇ ಭರವಸೆಯಿಂದ ಕೈತೋರಿಸುತ್ತದೆ. ಆಸ್ಟ್ರೇಲಿಯಾದ ಹಳೆಯ ಕಾಗದದ ನಕಾಶೆಗಳ ಲೆಕ್ಕದ ಬುಡವೇ ಬೇರೆಯಾದ್ದರಿಂದ, ಅವುಗಳಿಂದ ಓದಿದ ಅಂಕಿಯನ್ನು ಹೊಸ ಯಂತ್ರಕ್ಕೆ ಹಾಗೇ ಕೊಟ್ಟರೆ ಸುಮಾರು 200 ಮೀಟರ್ ಸರಿಯುತ್ತದೆ. ಐವತ್ತು ಮೀಟರ್ ಆಚೆಯ ವಾಹನ ಕಾಣದ ಕಾಡಿನಲ್ಲಿ 200 ಮೀಟರ್ ಸಣ್ಣ ಮಾತಲ್ಲ. 2012ರ ಡಿಸೆಂಬರ್‌ನಲ್ಲಿ ಆಪಲ್ ನಕಾಶೆ ಮಿಲ್ಡುರಾ ಪಟ್ಟಣವನ್ನು ಅದರ ನಿಜವಾದ ಜಾಗದಿಂದ ಸುಮಾರು 70 ಕಿ.ಮೀ. ದೂರದ ಮರ್ರೆ–ಸನ್‌ಸೆಟ್ ರಾಷ್ಟ್ರೀಯ ಉದ್ಯಾನದ ನಡುವೆ ತೋರಿಸಿದ್ದರಿಂದ, ಅದನ್ನು ನಂಬಿ ಹೋದವರು ನೀರಿಲ್ಲದ ಕಾಡಿನಲ್ಲಿ ಸಿಕ್ಕಿಬಿದ್ದರು. ವಿಕ್ಟೋರಿಯಾ ಪೊಲೀಸರು ಬಹಿರಂಗ ಎಚ್ಚರಿಕೆ ಹೊರಡಿಸಬೇಕಾಯಿತು. ಆ ದೋಷ ತಿದ್ದಲಾಯಿತು, ನಿಜ. ಆದರೆ ತಪ್ಪು ಹೇಳುವಾಗಲೂ ಸರಿ ಹೇಳುವಾಗಲೂ ಯಂತ್ರದ ಮುಖಭಾವ ಒಂದೇ ಎಂಬುದು ತಿದ್ದುವಂಥದ್ದಲ್ಲ.

ಇದಕ್ಕಿಂತ ಆಳದ ಹಾನಿ ಬೇರೆ ಇದೆ. ಡಿಟೆಕ್ಟರ್ ಹಿಡಿದವನು ನಡೆಯುವ ರೀತಿಯನ್ನೇ ಗಮನಿಸಿ. ಕಿವಿಗೆ ಹೆಡ್‌ಫೋನ್, ಕಣ್ಣು ನೆಲದ ಮೇಲೆ, ಕೈಯಲ್ಲಿ ಎಡದಿಂದ ಬಲಕ್ಕೆ ಬಲದಿಂದ ಎಡಕ್ಕೆ ಬೀಸುವ ತಟ್ಟೆ. ಪೊದೆ ಅಡ್ಡ ಬಂದರೆ ಬಳಸಿ ಹೋಗುತ್ತಾನೆ, ಸದ್ದು ಬಂದ ಕಡೆ ತಿರುಗುತ್ತಾನೆ, ಕೂತು ಅಗೆಯುತ್ತಾನೆ, ಏಳುವಾಗ ಮುಖ ಮತ್ತೊಂದು ಕಡೆಗಿರುತ್ತದೆ. ಸಿಕ್ಕಿದ್ದು ತುಕ್ಕು ಹಿಡಿದ ಮೊಳೆಯಾದರೂ ಸರಿ, ಹತ್ತು ನಿಮಿಷದಲ್ಲಿ ಇಂಥ ಹತ್ತಾರು ತಿರುವು ಆಗಿರುತ್ತವೆ. ಒಂದರ ಲೆಕ್ಕವೂ ಮನಸ್ಸಿನಲ್ಲಿ ಉಳಿದಿರುವುದಿಲ್ಲ. ಯಂತ್ರ ಇಲ್ಲದಿದ್ದರೆ ಇವನು ಆಗಾಗ ತಲೆಯೆತ್ತಿ, ಹಿಂತಿರುಗಿ, ಬಂದ ದಾರಿ ವಾಪಸು ಬರುವಾಗ ಹೇಗೆ ಕಾಣುತ್ತದೆಂದು ನೋಡಿಕೊಳ್ಳುತ್ತಿದ್ದ. ಯಂತ್ರವಿದೆ ಎಂಬ ಧೈರ್ಯ ಆ ತಲೆಯೆತ್ತುವಿಕೆಯನ್ನೇ ಕಸಿದುಕೊಳ್ಳುತ್ತದೆ. ಇದು ಬರೀ ಊಹೆಯಲ್ಲ. ಜಪಾನಿನ ತೋರು ಇಶಿಕಾವಾ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜಿಪಿಎಸ್ ಹಿಡಿದು ನಡೆದವರು ದಾರಿಯನ್ನು ಕಣ್ಣಾರೆ ಕಂಡು ಕಲಿತವರಿಗಿಂತ ಹೆಚ್ಚು ದೂರ ನಡೆದರು, ಹೆಚ್ಚು ಸಲ ನಿಂತರು, ಕೊನೆಗೆ ಬರೆದ ನಕ್ಷೆಯೂ ಕಳಪೆಯಾಗಿತ್ತು. ಕೆನಡಾದ ದಹ್ಮಾನಿ ಮತ್ತು ಬೋಬೋ 2020ರಲ್ಲಿ, ಜಿಪಿಎಸ್ ಹೆಚ್ಚು ಬಳಸುವ ಚಾಲಕರ ಸ್ಥಳಸ್ಮೃತಿ ದುರ್ಬಲವಾಗಿರುವುದನ್ನು ವರದಿಮಾಡಿದರು. ನಗರದಲ್ಲಿ ಈ ನಷ್ಟಕ್ಕೆ ಬೆಲೆ ತೆರಬೇಕಾಗಿಲ್ಲ, ಯಾರನ್ನಾದರೂ ಕೇಳಬಹುದು. ಮಲ್ಗಾ ಕಾಡಿನಲ್ಲಿ ಯಂತ್ರ ಆರಿದ ಗಳಿಗೆಯಲ್ಲಿ ಮನುಷ್ಯನ ಕೈಯಲ್ಲಿ ಬೇರೇನೂ ಇರುವುದಿಲ್ಲ. ಎರಡು ಗಂಟೆಯಿಂದ ಅವನು ಏನನ್ನೂ ಗಮನಿಸಿಯೇ ಇಲ್ಲ.

ಹಾಗಾದರೆ ರೇಖೆ ಎಂದರೇನು? ವಾಹನ ಒಂಟಿಯಾಗಿ ಎಲ್ಲೋ ಉದುರಿದ್ದಲ್ಲ. ಸಾಮಾನ್ಯವಾಗಿ ಒಂದು ಕಚ್ಚಾ ರಸ್ತೆಯ ಮೇಲೋ ಬೇಲಿಯ ಪಕ್ಕದಲ್ಲೋ ನಿಂತಿರುತ್ತದೆ. ರಸ್ತೆ ಉತ್ತರ–ದಕ್ಷಿಣವಾಗಿ ಹೋಗಿದೆ ಎನ್ನೋಣ. ಇವತ್ತು ಪೂರ್ವದ ಮಗ್ಗುಲಲ್ಲಿ ಮಾತ್ರ ಹುಡುಕುತ್ತೇನೆ, ರಸ್ತೆ ದಾಟುವುದಿಲ್ಲ ಎಂದು ನಿಶ್ಚಯಿಸಿದ ಕ್ಷಣದಲ್ಲಿ ವಾಪಸು ದಾರಿಯ ಮುಕ್ಕಾಲು ಸಮಸ್ಯೆ ತೀರಿತು. ಎಲ್ಲೇ ಇದ್ದರೂ ಪಶ್ಚಿಮಕ್ಕೆ ನಡೆದರೆ ರಸ್ತೆ ಅಡ್ಡ ಬರಲೇಬೇಕು. ಉಳಿದ ಕಾಲುಭಾಗ: ರಸ್ತೆ ಸಿಕ್ಕಿತು, ವಾಹನ ಎಡಕ್ಕಿದೆಯೋ ಬಲಕ್ಕಿದೆಯೋ? ವಾಹನದ ಕಡೆಗೇ ನೇರ ಗುರಿ ಇಟ್ಟವನಿಗೆ ಇದು ತಿಳಿಯುವುದಿಲ್ಲ. ಎರಡು ಕಿ.ಮೀ. ದೂರದಿಂದ ಐದು ಡಿಗ್ರಿ ತಪ್ಪಿದರೆ ಸುಮಾರು 175 ಮೀಟರ್ ಆಚೀಚೆ ಆಗುತ್ತದೆ. ಯಾವ ಕಡೆಗೆ ತಪ್ಪಿದೆವೆಂದು ಗೊತ್ತಿಲ್ಲದೆ ರಸ್ತೆಯಲ್ಲಿ ತಪ್ಪು ದಿಕ್ಕಿಗೆ ಕಿಲೋಮೀಟರುಗಟ್ಟಲೆ ನಡೆದವನು ನೀರನ್ನೂ ಹಗಲನ್ನೂ ಕಳೆದುಕೊಳ್ಳುತ್ತಾನೆ. ಅದರ ಬದಲು ಬೇಕೆಂದೇ ವಾಹನದಿಂದ ಹತ್ತು ಡಿಗ್ರಿ ದಕ್ಷಿಣಕ್ಕೆ ಗುರಿ ಇಟ್ಟರೆ ರಸ್ತೆ ಸೇರುವುದು ಸುಮಾರು 350 ಮೀಟರ್ ಕೆಳಗೆ. ಐದು ಡಿಗ್ರಿ ಅತ್ತಿತ್ತಲಾದರೂ ವಾಹನ ಉತ್ತರಕ್ಕೇ ಇದೆ ಎಂಬುದು ಖಚಿತ, ಬಲಕ್ಕೆ ತಿರುಗಿದರಾಯಿತು. ಐದಾರು ನಿಮಿಷದ ಹೆಚ್ಚುವರಿ ನಡಿಗೆಗೆ ಸಂಶಯವೇ ಇಲ್ಲದ ಉತ್ತರ ಸಿಗುತ್ತದೆ. ಗುರಿ ತಪ್ಪಬಹುದೆಂದು ಮೊದಲೇ ಒಪ್ಪಿಕೊಂಡು, ಆ ತಪ್ಪನ್ನು ಗೊತ್ತಿರುವ ಮಗ್ಗುಲಿಗೆ ತಳ್ಳುವ ಈ ವಿಧಾನಕ್ಕೆ ಒಂದು ಅಗ್ಗದ ದಿಕ್ಸೂಚಿ ಸಾಕು.

ಇದು ಪುಸ್ತಕದ ಬದನೆಕಾಯಿ ಎನ್ನುವವರಿಗೆ 1931ರ ಎರಡು ಪ್ರಯಾಣಗಳನ್ನು ನೆನಪಿಸಬೇಕು. ಆ ವರ್ಷ ಫ್ರಾನ್ಸಿಸ್ ಚಿಚೆಸ್ಟರ್ ಒಬ್ಬನೇ ಪುಟ್ಟ ಜಿಪ್ಸಿ ಮಾತ್ ವಿಮಾನದಲ್ಲಿ ನ್ಯೂಜಿಲೆಂಡಿನಿಂದ ಟಾಸ್ಮನ್ ಸಮುದ್ರದ ಮೇಲೆ ಆಸ್ಟ್ರೇಲಿಯಾಕ್ಕೆ ಹೊರಟ. ಇಂಧನಕ್ಕೆ ನಡುವಿನ ನಾರ್ಫೋಕ್ ದ್ವೀಪ, ಲಾರ್ಡ್ ಹೋವ್ ದ್ವೀಪಗಳಲ್ಲಿ ಇಳಿಯಲೇಬೇಕಿತ್ತು. ನೀರಿನ ಬಯಲಿನಲ್ಲಿ ಆ ದ್ವೀಪಗಳು ಬರೀ ಚುಕ್ಕೆ. ಆತ ಚುಕ್ಕೆಯ ಕಡೆಗೆ ಹಾರಲಿಲ್ಲ. ಬೇಕೆಂದೇ ಒಂದು ಮಗ್ಗುಲಿಗೆ ಹಾರಿ, ಸೂರ್ಯನ ಎತ್ತರವನ್ನು ಸೆಕ್ಸ್‌ಟಂಟ್‌ನಿಂದ ಅಳೆದು, ದ್ವೀಪದ ಮೇಲೆ ಹಾಯುವ ರೇಖೆ ಸಿಕ್ಕಿದ ಹೊತ್ತಿಗೆ ತಿರುಗಿ ಅದರ ಗುಂಟ ಹೋದ. ಎರಡೂ ದ್ವೀಪ ಸಿಕ್ಕವು. ಅದೇ ವರ್ಷ, ಮೂಲನಿವಾಸಿ ಮಕ್ಕಳನ್ನು ತಾಯಂದಿರಿಂದ ಕಿತ್ತು ತರುತ್ತಿದ್ದ ಮೂರ್ ರಿವರ್ ಕೇಂದ್ರದಿಂದ ಮಾಲಿ ಕ್ರೇಗ್ ಮತ್ತು ಇನ್ನಿಬ್ಬರು ಹುಡುಗಿಯರು ತಪ್ಪಿಸಿಕೊಂಡರು. ಮನೆ ಇದ್ದ ಜಿಗಾಲಾಂಗ್ ಅಲ್ಲಿಂದ ಸುಮಾರು 1,600 ಕಿ.ಮೀ. ದೂರ. ಅವರ ಬಳಿ ನಕಾಶೆಯಿಲ್ಲ, ದಿಕ್ಸೂಚಿಯಿಲ್ಲ. ಗೊತ್ತಿದ್ದದ್ದು ಮೊಲಗಳನ್ನು ತಡೆಯಲು ಸರ್ಕಾರ ಕಟ್ಟಿಸಿದ, 1907ರಲ್ಲಿ ಮುಗಿದ ಬೇಲಿ ತಮ್ಮೂರಿನ ಬಳಿಯೇ ಹಾಯುತ್ತದೆ ಎಂಬುದೊಂದೇ. ಬೇಲಿ ಸಿಗುವವರೆಗೆ ನಡೆದರು, ಸಿಕ್ಕ ಮೇಲೆ ಅದರ ಗುಂಟ ಉತ್ತರಕ್ಕೆ ನಡೆದರು. ಒಬ್ಬಳು ನಡುವೆ ಸೆರೆಸಿಕ್ಕಳು. ಇಬ್ಬರು ಮನೆ ಮುಟ್ಟಿದರು. ಹದಿನಾಲ್ಕರ ಹುಡುಗಿಗೂ ಗಣಿತ ಬಲ್ಲ ವೈಮಾನಿಕನಿಗೂ ಉಪಾಯ ಒಂದೇ ಆಗಿತ್ತು: ಚುಕ್ಕೆ ಬೇಡ, ತಪ್ಪಿಸಿಕೊಳ್ಳಲಾಗದಷ್ಟು ಉದ್ದದ ಗೆರೆ ಬೇಕು.

ಗಟ್ಟಿಯಾದ ಆಕ್ಷೇಪಗಳು ಎರಡು ಉಳಿದಿವೆ. ರಸ್ತೆಯೇ ಇಲ್ಲದ ಕಡೆ ವಾಹನ ನುಗ್ಗಿಸಿದ್ದರೆ ಏನು ಮಾಡಬೇಕು? ಆಗಲೂ ವಾಹನ ಆಕಾಶದಿಂದ ಇಳಿದಿರುವುದಿಲ್ಲ. ಅದರ ಚಕ್ರದ ಜಾಡೇ ಒಂದು ಗೆರೆ, ಕೊನೆ ಮುಟ್ಟುವುದು ವಾಹನದಲ್ಲೇ. ಹಾಗಾಗಿ ಗುರಿ ಇಡಬೇಕಾದ್ದು ವಾಹನದ ಹಿಂದಕ್ಕೆ, ಜಾಡಿನ ಮೇಲೆ. ಕಲ್ಲುನೆಲದಲ್ಲಿ ಜಾಡು ಮೂಡದಿದ್ದರೆ ವಾಹನದ ಎರಡೂ ಮಗ್ಗುಲಿಗೆ ಇನ್ನೂರಿನ್ನೂರು ಮೀಟರ್ ದೂರ ಕೊಂಬೆಗಳಿಗೆ ಬಣ್ಣದ ಪಟ್ಟಿ ಕಟ್ಟುತ್ತಾ ಹೋದರೆ, ಐದು ಮೀಟರಿನ ಗುರಿ 400 ಮೀಟರ್ ಅಗಲವಾಗುತ್ತದೆ. ವಾಪಸು ಬರುವಾಗ ಬಿಚ್ಚಿಕೊಂಡರಾಯಿತು. ಮರಳುದಿಬ್ಬಗಳಲ್ಲಿ ವಾಹನಕ್ಕೆ ಕಟ್ಟುವ ಬಾವುಟ ಇಲ್ಲಿ ಅಷ್ಟು ಉಪಯೋಗಕ್ಕೆ ಬಾರದು. ಮೂರೂವರೆ ಮೀಟರ್ ಎತ್ತರದ ಬಾವುಟವನ್ನು ಐದಾರು ಮೀಟರಿನ ಮಲ್ಗಾ ನುಂಗಿಬಿಡುತ್ತದೆ. ಎರಡನೆಯ ಆಕ್ಷೇಪ ಇದಕ್ಕೆ ವಿರುದ್ಧವಾದದ್ದು: ಗಣಿ ಸೀಮೆಯಲ್ಲಿ ಅನ್ವೇಷಣೆಗೆಂದು ಬುಲ್ಡೋಜರ್ ಹೊಡೆದ ಸಮಾನಾಂತರ ದಾರಿಗಳು ಎಷ್ಟೋ ಇರುತ್ತವೆ, ಒಂದನ್ನು ಇನ್ನೊಂದೆಂದು ಬಗೆದರೆ ರೇಖೆಯೇ ಮೋಸ ಮಾಡುತ್ತದೆ. ಇದು ನಿಜ. ಆದ್ದರಿಂದ ಹೊರಡುವ ಮುನ್ನ ತನ್ನ ದಾರಿಯ ಮೇಲೆ ತನ್ನದೇ ಗುರುತು, ತನ್ನ ಟೈರಿನ ಅಚ್ಚಿನ ನೆನಪು, ಹೋಗುವಾಗ ಎಷ್ಟು ದಾರಿ ದಾಟಿದೆ ಎಂಬ ಎಣಿಕೆ ಬೇಕು. ಕಬ್ಬಿಣದ ಅದಿರಿನ ಬಂಡೆಗಳ ಬಳಿ ದಿಕ್ಸೂಚಿ ಮುಳ್ಳು ತಪ್ಪು ತೋರುತ್ತದೆ. ವಾಹನಕ್ಕೆ ಒರಗಿ ದಿಕ್ಕು ನೋಡಿದರೂ ಹಾಗೆಯೇ. ಈ ಎಲ್ಲ ದೋಷ ಸೇರಿದರೂ ರೇಖೆಯ ವಿಧಾನ ಒಂದು ಹೆಜ್ಜೆ ತಪ್ಪಿದರೆ ಸ್ವಲ್ಪ ಕೆಡುತ್ತದೆಯೇ ಹೊರತು ಒಮ್ಮೆಲೇ ಇಲ್ಲವಾಗುವುದಿಲ್ಲ.

ವಾಹನ ಬಿಟ್ಟು ಕದಲಬೇಡಿ, ಬೀಕನ್ ಒತ್ತಿ ಕಾಯಿರಿ ಎಂಬ ಪ್ರಸಿದ್ಧ ಸಲಹೆಗೆ ಇಲ್ಲಿ ವಿರೋಧವಿಲ್ಲ. 1963ರ ಡಿಸೆಂಬರ್‌ನಲ್ಲಿ ಬರ್ಡ್ಸ್‌ವಿಲ್ ದಾರಿಯಲ್ಲಿ ಪೇಜ್ ಕುಟುಂಬದ ಐವರೂ ನೀರಡಿಕೆಯಿಂದ ಸತ್ತದ್ದು ಪೆಟ್ರೋಲ್ ಮುಗಿದು ನಿಂತ ಕಾರನ್ನು ಬಿಟ್ಟು ಹೊರಟಿದ್ದರಿಂದ. ಆದರೆ ಆ ಸಲಹೆ ವಾಹನ ನಿಂತುಹೋದವರಿಗೆ. ಕೆಲಸವೇ ವಾಹನದಿಂದ ದೂರ ಇರುವವರಿಗೆ ಅದರಿಂದ ಏನೂ ಸಿಗದು. ಬೀಕನ್ ಕೂಡ ಹಾಗೆ: ಅದು ಪಾರುಮಾಡುವವರನ್ನು ಕರೆಯುತ್ತದೆ, ದಾರಿ ತೋರಿಸುವುದಿಲ್ಲ. ಪ್ರತಿ ಶೋಧದ ನಂತರ ಪತ್ರಿಕೆಗಳು ಬರೆಯುವ ನೀತಿಪಾಠ ಬೀಕನ್ ಇರಲಿಲ್ಲ, ಜಿಪಿಎಸ್ ಇರಲಿಲ್ಲ ಎಂಬಷ್ಟಕ್ಕೇ ನಿಲ್ಲುತ್ತದೆ. 2025ರ ಜುಲೈನಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕ್ಯಾರೌನ್ ಹಿಲ್ ಪ್ರದೇಶದಲ್ಲಿ ವಾಹನ ಸಿಕ್ಕಿಹಾಕಿಕೊಂಡು ಕಾಡಿನಲ್ಲಿ ಅಲೆದ 26ರ ಜರ್ಮನ್ ಪ್ರವಾಸಿಯ ಪ್ರಕರಣದಲ್ಲಿ, ವಾಹನ ಬಿಟ್ಟದ್ದು ತಪ್ಪೆಂದು ಎಲ್ಲರೂ ಹೇಳಿದರು. ಸರಿಯೇ, ಮೇಲಿನಿಂದ ಹುಡುಕಿದವರಿಗೆ ಮೊದಲು ಕಂಡದ್ದು ವಾಹನ. ಆದರೆ ಆಕೆ ಬದುಕಿದ್ದು ಹೇಗೆಂಬುದನ್ನು ಯಾರೂ ಒತ್ತಿ ಹೇಳಲಿಲ್ಲ. ಸೂರ್ಯನನ್ನು ನೋಡಿ ಪಶ್ಚಿಮಕ್ಕೆ ಹಿಡಿದರೆ ಯಾವುದಾದರೊಂದು ರಸ್ತೆ ಸಿಗಬಹುದೆಂದು ನಡೆದಳು. ವಾಹನದಿಂದ ಸುಮಾರು 24 ಕಿ.ಮೀ. ದೂರದ ಕಚ್ಚಾ ರಸ್ತೆಯಲ್ಲಿ ಕಾರಿನಲ್ಲಿ ಬಂದ ಸ್ಥಳೀಯ ಮಹಿಳೆಯ ಕಣ್ಣಿಗೆ ಬಿದ್ದಳು. ದಣಿದು ದಿಕ್ಕೆಟ್ಟ ಸ್ಥಿತಿಯಲ್ಲೂ ಆಕೆಗೆ ಫಲ ಕೊಟ್ಟದ್ದು ಅಡ್ಡಗೆರೆಯ ಹುಡುಕಾಟ.

ಪರ್ತ್, ಮೆಲ್ಬರ್ನ್, ಅಡಿಲೇಡ್‌ಗಳಲ್ಲಿ ನೆಲೆಸಿ ರಜೆಯಲ್ಲಿ ಒಳನಾಡಿಗೆ ಕಾರು ಓಡಿಸುವ ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ಮಾತಿದೆ. ನಾವು ಹೊತ್ತು ತಂದ ದಾರಿಬುದ್ಧಿ ಅಲ್ಲಿ ತಲೆಕೆಳಗಾಗುತ್ತದೆ. ಹಳ್ಳದ ಗುಂಟ ಇಳಿದರೆ ಊರು ಸಿಗುತ್ತದೆ ಎಂಬುದು ಮಲೆನಾಡಿಗೆ ಸರಿ. ಪಶ್ಚಿಮ ಆಸ್ಟ್ರೇಲಿಯಾದ ಒಳನಾಡಿನ ಹಳ್ಳಗಳು ಸಮುದ್ರ ಸೇರುವುದೇ ಇಲ್ಲ, ಒಣಗಿದ ಉಪ್ಪುಕೆರೆಗಳಲ್ಲಿ ಸಾಯುತ್ತವೆ. ಬೆಂಗಳೂರಿನ ಆಕಾಶದಲ್ಲಿ 13 ಡಿಗ್ರಿ ಎತ್ತರಕ್ಕೆ ನಿಂತ ಧ್ರುವ ಲ್ಯಾವರ್ಟನ್‌ನಲ್ಲಿ ಮೂಡುವುದೇ ಇಲ್ಲ. ಚಳಿಗಾಲದ ಮಧ್ಯಾಹ್ನ ನಮಗೆ ದಕ್ಷಿಣದಲ್ಲಿರುವ ಸೂರ್ಯ ಅಲ್ಲಿ ವರ್ಷವಿಡೀ ಮಧ್ಯಾಹ್ನಕ್ಕೆ ಉತ್ತರದಲ್ಲಿರುತ್ತಾನೆ. ಅದನ್ನು ತಿಳಿದವನೂ ಸೂರ್ಯನೊಬ್ಬನನ್ನೇ ನೆಚ್ಚುವಂತಿಲ್ಲ: ಡಿಸೆಂಬರ್ ಕೊನೆಯಲ್ಲಿ ಸೂರ್ಯ ನೆತ್ತಿಗೆ ಹತ್ತಿರವಿರುವುದರಿಂದ ಮಧ್ಯಾಹ್ನದ ಆಚೀಚೆಯ ಎರಡು ಗಂಟೆಯಲ್ಲೇ ಅವನ ದಿಕ್ಕು ಸುಮಾರು 145 ಡಿಗ್ರಿ ಹೊರಳಿಬಿಡುತ್ತದೆ. ಬಿಸಿಲು ಅತಿ ಜೋರಾಗಿರುವ, ಮನುಷ್ಯ ಗಾಬರಿ ಬೀಳುವ ಹೊತ್ತೂ ಅದೇ.

ಆದ್ದರಿಂದ ಬದಲಾಗಬೇಕಾದ್ದು ಚೀಲದಲ್ಲಿರುವ ಸಾಧನವಲ್ಲ, ಸಲಹೆಯ ಕ್ರಮ. ಈಗ ಮೊದಲು ಜಿಪಿಎಸ್ ಖರೀದಿಸಿ ಎನ್ನುತ್ತಾರೆ, ಕೊನೆಗೆ ಸಣ್ಣಕ್ಷರದಲ್ಲಿ ದಿಕ್ಸೂಚಿಯೂ ಇರಲಿ ಎಂದು ಸೇರಿಸುತ್ತಾರೆ. ಅದನ್ನು ತಿರುಗಿಸಬೇಕು. ಮೊದಲು ಕೇಳಬೇಕಾದ್ದು: ವಾಹನ ಯಾವ ಗೆರೆಯ ಮೇಲೆ ನಿಂತಿದೆ, ಆ ಗೆರೆ ಯಾವ ದಿಕ್ಕಿಗೆ ಹೋಗುತ್ತದೆ, ನೀವು ಅದರ ಯಾವ ಮಗ್ಗುಲಲ್ಲಿ ಇರುತ್ತೀರಿ, ಮರಳುವಾಗ ವಾಹನದ ಯಾವ ಕಡೆಗೆ ಬೇಕೆಂದೇ ತಪ್ಪುತ್ತೀರಿ, ಎಷ್ಟು ಹೊತ್ತಾದರೂ ಗೆರೆ ಸಿಗದಿದ್ದರೆ ನಿಂತುಬಿಡುತ್ತೀರಿ. ಈ ಐದಕ್ಕೆ ಉತ್ತರ ಇದ್ದವನ ಕೈಯಲ್ಲಿ ಜಿಪಿಎಸ್ ಅತ್ಯುತ್ತಮ ಸಹಾಯಕ. ಅದು ತಪ್ಪಿದಾಗ ತಪ್ಪಿದೆಯೆಂದು ಅವನಿಗೆ ಗೊತ್ತಾಗುತ್ತದೆ, ಯಾಕೆಂದರೆ ಹೋಲಿಸಿ ನೋಡಲು ಅವನ ಬಳಿ ಇನ್ನೊಂದು ಲೆಕ್ಕವಿದೆ. ಉತ್ತರವಿಲ್ಲದವನು ಬಾಣದ ಗುರುತನ್ನು ಪ್ರಶ್ನಿಸುವ ಸ್ಥಿತಿಯಲ್ಲೇ ಇರುವುದಿಲ್ಲ. ಐದು ಪ್ರಶ್ನೆಗೆ ಬೇಕಾದ ಸಮಯ ಎರಡು ನಿಮಿಷ, ಖರ್ಚು ಸೊನ್ನೆ. ಅವನ್ನು ಬಿಟ್ಟು ಯಂತ್ರವನ್ನಷ್ಟೇ ಶಿಫಾರಸು ಮಾಡುವವರು, ಕಳೆದುಹೋದ ಮೇಲೆ ನಮ್ಮನ್ನು ಹುಡುಕುವುದು ಹೇಗೆಂದು ಹೇಳುತ್ತಿದ್ದಾರೆ. ಮರಳಿ ಬರುವುದನ್ನು ಇನ್ನೂ ಕಲಿಸಿಲ್ಲ.